ಅಂಗಡಿಯ ಪ್ರತಿ

ಮಹಾನಗರದವರು ನಮ್ಮೂರನ್ನು ಕೊನೆಯ ಸ್ಟೇಷನ್ ಎನ್ನುತ್ತಾರೆ. ರೈಲು ಇಲ್ಲಿಗೇ ನಿಲ್ಲುತ್ತದೆ, ಮುಂದೆ ಹಳಿ ಇಲ್ಲ. ನಾವು ಮೊದಲ ಸ್ಟೇಷನ್ ಎನ್ನುತ್ತೇವೆ. ರೈಲು ಹೊರಡುವುದೂ ಇಲ್ಲಿಂದಲೇ ತಾನೆ! ಆ ನಗರ ಊದಿಕೊಳ್ಳುತ್ತ ಬಂದು ಮೂರು ಕಡೆಯಿಂದ ನಮ್ಮನ್ನು ಸುತ್ತುವರಿದು ಎಷ್ಟೋ ವರ್ಷವಾಯಿತು. ಆದರೂ ನಮ್ಮದು ಬೇರೆಯೇ ಊರು ಎಂಬ ಗತ್ತು ನಮಗೆ ಹೋಗಿಲ್ಲ. ಕಾರಣ ಕೇಳಿದರೆ ಎಲ್ಲರೂ ವಿಶ್ವವಿದ್ಯಾಲಯದ ಗೋಪುರ ತೋರಿಸುತ್ತಾರೆ. ಬಲ್ಲವರು ಅದರ ಮುಖ್ಯದ್ವಾರದ ಎದುರಿರುವ ಬೈಂಡಿಂಗ್ ಅಂಗಡಿಯನ್ನು ತೋರಿಸುತ್ತಾರೆ.

ಮೂವತ್ತೊಂದು ವರ್ಷಗಳಿಂದ ಇಲ್ಲಿ ಡಾಕ್ಟರೇಟ್ ಪಡೆದವರೆಲ್ಲರ ಪ್ರಬಂಧಕ್ಕೂ ರಟ್ಟು ಹಾಕಿದವಳು ಬೈಂಡರಮ್ಮ. ಕಚೇರಿಗೆ ಮೂರು ಪ್ರತಿ, ಕಡುನೀಲಿ ಬಟ್ಟೆಯಲ್ಲಿ. ಅದಕ್ಕೂ ಮೊದಲು, ಪುಸ್ತಕದ ಬೆನ್ನಿನ ದಪ್ಪ ಅಂದಾಜಾಗಲೆಂದು, ಉಳಿಕೆ ಬಟ್ಟೆಯಲ್ಲಿ ಒಂದು ಪ್ರತಿ ಕಟ್ಟಿ ಗೋಡೆಯ ಗೂಡಿನಲ್ಲಿ ಇಟ್ಟುಕೊಳ್ಳುವುದು ಅವಳ ಮಾವನ ಕಾಲದ ಪದ್ಧತಿ. ಹೀಗೆ ಮೂರು ಗೋಡೆ ತುಂಬಿವೆ. ಗ್ರಂಥಾಲಯಕ್ಕೆ ರಜೆ ಬಿದ್ದಾಗ ಪ್ರಾಧ್ಯಾಪಕರೇ ಬಂದು, ಅಂಟಿನ ಡಬ್ಬಿಯ ಪಕ್ಕದ ಸ್ಟೂಲಿನಲ್ಲಿ ಕೂತು, ಬೇಕಾದ್ದನ್ನು ಬರೆದುಕೊಂಡು, "ಸುಮ್ನೆ ಈ ಕಡೆ ಬಂದಿದ್ದೆ" ಎಂದು ಹೋಗುತ್ತಾರೆ.

ಮಾವ ಕಲಿಸಿದ ನಿಯಮ ಒಂದೇ. ಬೈಂಡರ್ ಆದವಳು ಪುಟ ಎಣಿಸಬೇಕು, ಓದಬಾರದು. ಓದಿದರೆ ಕೈ ಮರೆಯುತ್ತದೆ. ಮೂವತ್ತೊಂದು ವರ್ಷ ಅವಳು ಅದನ್ನು ಮೀರಿರಲಿಲ್ಲ.

ಆ ದಿನ ಬಂದದ್ದು ಅವಳ ಮಗಳ ಪ್ರಬಂಧ. ವಿಷಯ ಈ ಊರೇ. ಸಂಜೆ ಐದರೊಳಗೆ ಕಚೇರಿಗೆ ಸಲ್ಲಿಸಬೇಕು. ತಪ್ಪಿದರೆ ಆರು ತಿಂಗಳು ಕಾಯಬೇಕು, ಮುಂದಿನ ತಿಂಗಳು ಇಲ್ಲೇ ಪಾಠ ಹೇಳಲು ಗೊತ್ತಾಗಿದ್ದ ಕೆಲಸವೂ ಕೈತಪ್ಪುತ್ತದೆ. ಅಂಗಡಿಯ ಪ್ರತಿಯನ್ನು ಹಿಂದಿನ ದಿನವೇ ಕೆಂಪು ಬಟ್ಟೆಯಲ್ಲಿ ಕಟ್ಟಿ ಮುಗಿಸಿದ್ದಳು. ಬೆಳಿಗ್ಗೆ ನೀಲಿ ಪ್ರತಿಗಳ ಹಾಳೆ ಜೋಡಿಸುವಾಗ ನಾಲ್ಕನೆಯ ಅಧ್ಯಾಯದ ತಲೆಬರಹ ಕಣ್ಣಿಗೆ ಬಿತ್ತು: "ಮುಖ್ಯದ್ವಾರದ ಎದುರಿನ ಅಂಗಡಿ". ಕೈ ನಿಂತಿತು.

"ಭಾವ, ಇಲ್ಲಿ ನೋಡಿ. ನಮ್ಮ ಕಟಿಂಗ್ ಮೆಷಿನ್ನೂ ಬಂದಿದೆ."

ಮೇಜಿನ ಆಚೆ ಕಾಗದ ಕತ್ತರಿಸುತ್ತಿದ್ದ ಭಾವ ಕನ್ನಡಕ ಏರಿಸಿದ. "ಮೆಷಿನ್ ಬಂದಿದೆ ಸರಿ, ಅದನ್ನ ಎಳೆಯೋ ನಾನು?"

"ನೀವೂ ಇದ್ದೀರಿ. 'ಮೆಷಿನ್ನಿಗಿಂತ ಹೆಚ್ಚು ಶಬ್ದ ಮಾಡುವ ದೊಡ್ಡಪ್ಪ' ಅಂತ."

"ನಿನ್ನ ಮಗಳು ಸತ್ಯ ಬರೀತಾಳೆ ಅಂತ ಗೊತ್ತಿದ್ರೆ ಸೈಕಲ್ ಕಲಿಸ್ತಾನೇ ಇರ್ಲಿಲ್ಲ. ಕೊಡಿಲ್ಲಿ."

ಅವನು ಓದಲೆಂದು ಅವಳು ಆ ಅಧ್ಯಾಯದ ಹಾಳೆಗಳ ಕಟ್ಟನ್ನು ಅವನ ಕಡೆಗೆ ತಿರುಗಿಸಿ ಇಟ್ಟಳು. ಇಬ್ಬರೂ ನಕ್ಕರು, ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಿರುಗಿಸಿದ್ದ ಕಟ್ಟು ಹಾಗೆಯೇ ಮೂರನೆಯ ಪ್ರತಿಯೊಳಗೆ ಸೇರಿ ಹೊಲಿಗೆ ಹಾಕಿಸಿಕೊಂಡಿತು.

ಗೊತ್ತಾದದ್ದು ನಾಲ್ಕು ಗಂಟೆಗೆ, ಮಗಳು ಬಂದು ಹಾಳೆ ತಿರುವಿದಾಗ. "ಅಮ್ಮಾ, ನಾಲ್ಕನೇ ಅಧ್ಯಾಯ ತಲೆಕೆಳಗಾಗಿದೆ."

ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು, ಬೆನ್ನಿಗೆ ಅಂಟು ಹಾಕಿ ಒಣಗಿಸಲು ಅರ್ಧ ದಿನ ಬೇಕು.

"ಅಳತೆಪಟ್ಟಿ ನಮ್ಮ ಮಹಡಿ ಮೇಲೇ ಇರೋದಲ್ವಾ," ಎಂದ ಭಾವ. "ಒಂದು ಮಾತು ಹೇಳು. ನಾಳೆ ಸರಿಮಾಡಿ ಕೊಟ್ರೆ ಏನಾಗುತ್ತೆ, ಆಕಾಶ ಕೆಳಗೆ ಬೀಳುತ್ತಾ?"

ಅಳತೆಪಟ್ಟಿ ಎಂದರೆ ಪ್ರಬಂಧ ಸ್ವೀಕರಿಸುವ ಗುಮಾಸ್ತ, ಅಂಗಡಿಯ ಮಹಡಿಯ ಬಾಡಿಗೆದಾರ. ಪ್ರತಿ ಪ್ರತಿಯನ್ನೂ ಮರದ ಪಟ್ಟಿ ಇಟ್ಟು ಅಳೆಯುವವನು. ಕೂದಲೆಳೆಯಷ್ಟು ಅಂಚು ಕಡಿಮೆಯಾಯಿತೆಂದು ಕುಲಪತಿಯ ಅಳಿಯನ ಪ್ರಬಂಧವನ್ನೇ ಹಿಂದಕ್ಕೆ ಕಳಿಸಿದವನು. ಅಂದು ಊರಿಡೀ ಎದೆ ಉಬ್ಬಿಸಿಕೊಂಡು ಓಡಾಡಿತ್ತು.

"ಕೇಳಿದ್ರೆ ಅವರು ಒಪ್ಪಲ್ಲ," ಎಂದಳು ಬೈಂಡರಮ್ಮ. "ಒಪ್ಪಿದ್ರೆ ಅವರ ಮೇಲಿರೋ ಮರ್ಯಾದೆ ಹೋಗುತ್ತೆ. ಎರಡೂ ಬೇಡ."

ಅವಳು ಗೂಡಿನ ಕಡೆ ನೋಡಿದಳು. ಎದುರಿಗೇ, ಕಣ್ಣಿನ ಮಟ್ಟದಲ್ಲಿ, ಕೆಂಪು ಪ್ರತಿ. ತನ್ನ ಮನೆಯವರದೊಂದು ಬಂದೀತೆಂದು ಮೂವತ್ತೊಂದು ವರ್ಷ ಆ ಜಾಗ ಖಾಲಿ ಬಿಟ್ಟಿದ್ದಳು ಎಂಬುದು ಮಗಳಿಗೂ ಗೊತ್ತಿರಲಿಲ್ಲ.

"ಅದು ಬೇಡಮ್ಮ," ಎಂದಳು ಮಗಳು. "ಅದು ನಿನ್ನದು."

"ಸುಮ್ನಿರು. ಚಾಕು ಕೊಡು."

ಎರಡು ಪುಸ್ತಕಗಳ ರಟ್ಟನ್ನೂ, ಅದನ್ನು ಪುಟಗಳಿಗೆ ಸೇರಿಸುವ ಅಂಟುಹಾಳೆಯ ಉದ್ದಕ್ಕೆ ಸೀಳಿದಳು. ಕೆಂಪು ಅಂಗಿ ಕಳಚಿದ ಸರಿಯಾದ ಪ್ರತಿಗೆ ಹೊಸ ಅಂಟುಹಾಳೆ ಹಚ್ಚಿ, ನೀಲಿ ಅಂಗಿ ತೊಡಿಸಿ, ಒತ್ತುಯಂತ್ರಕ್ಕೆ ಕೊಟ್ಟಳು. ಭಾವ ತಿರುಪನ್ನು ಮೈಭಾರವೆಲ್ಲ ಹಾಕಿ ಬಿಗಿದ. ಇಪ್ಪತ್ತೈದು ನಿಮಿಷ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಭಾವ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು.

ನಾಲ್ಕು ನಲವತ್ತೈದಕ್ಕೆ ಮೂವರೂ ಓಡಿದರು. ಒಬ್ಬೊಬ್ಬರ ಕಂಕುಳಲ್ಲಿ ಒಂದೊಂದು ಪ್ರತಿ. ರೈಲಿನಿಂದ ಇಳಿದ ಸಂಜೆ ತರಗತಿಯವರ ಗುಂಪು ರಸ್ತೆ ತುಂಬಿತ್ತು. ಈ ಊರಿನಲ್ಲಿ ಆಂಬುಲೆನ್ಸಿಗೆ ಜನ ಸರಿಯುವುದು ಸ್ವಲ್ಪ ನಿಧಾನ. ನೀಲಿ ರಟ್ಟು ಕಂಡರೆ ಮಾತ್ರ, ಹೇಳದೆಯೇ, ದಾರಿ ಎರಡಾಗಿ ಸೀಳಿಕೊಳ್ಳುತ್ತದೆ. ಮಗಳು ತನ್ನ ಪ್ರಬಂಧದಲ್ಲಿ ಅದನ್ನೂ ಬರೆದಿದ್ದಳು.

ಗುಮಾಸ್ತ ಮೊದಲ ಪ್ರತಿ ಅಳೆದ. ಎರಡನೆಯದನ್ನು ಅಳೆದ. ಮೂರನೆಯದನ್ನು ತೆರೆದು, ಒಳರಟ್ಟಿನ ಮೇಲೆ ಬೆರಳಿಟ್ಟು ನಿಂತ.

"ಹಸಿ ಇದೆ."

"ಹೌದು," ಎಂದಳು ಬೈಂಡರಮ್ಮ.

ಅವನು ನಿಯಮಪುಸ್ತಕ ತೆಗೆದು, ಬೈಂಡಿಂಗಿನ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷವಿತ್ತು.

"ಬಣ್ಣ ಹೇಳಿದ್ದಾರೆ. ಅಂಚು ಹೇಳಿದ್ದಾರೆ. ಅಕ್ಷರದ ಗಾತ್ರ ಹೇಳಿದ್ದಾರೆ. ಒಣಗಿರಬೇಕು ಅಂತ ಎಲ್ಲೂ ಹೇಳಿಲ್ಲ." ಮೊಹರು ಒತ್ತಿ ರಸೀದಿ ಹರಿದುಕೊಟ್ಟ. ಅನಂತರ, ಯಾರಿಗೂ ಅಲ್ಲವೆಂಬಂತೆ, "ಮುಂದಿನ ಸಭೇಲಿ ಈ ನಿಯಮ ಸೇರಿಸೋಕೆ ಬರೀತೀನಿ" ಎಂದ.

ಭಾವನಿಗೆ ನಗು ತಡೆಯಲಾಗಲಿಲ್ಲ. ಬೈಂಡರಮ್ಮ ಮಾತ್ರ ಗಂಭೀರವಾಗಿ, "ಬರೀರಿ, ಬೇಕಾದ ನಿಯಮಾನೇ" ಎಂದಳು.

ತಲೆಕೆಳಗಾದ ಪ್ರತಿಗೆ ಅವಳು ಆ ವಾರವೇ ಕೆಂಪು ರಟ್ಟು ತೊಡಿಸಿ ಖಾಲಿ ಜಾಗದಲ್ಲಿಟ್ಟಳು. ಬಿಚ್ಚಿ ಸರಿಮಾಡಲು ಈಗ ಬೇಕಾದಷ್ಟು ಸಮಯವಿತ್ತು. ಮಾಡಲಿಲ್ಲ.

ಒಂದು ಸಂಜೆ ಗುಮಾಸ್ತ ಮಹಡಿಯಿಂದಿಳಿದು ಬಾಗಿಲಲ್ಲಿ ನಿಂತ. "ಸುಮ್ನೆ ಈ ಕಡೆ ಬಂದಿದ್ದೆ," ಎಂದ. "ನಾಲ್ಕನೇ ಅಧ್ಯಾಯದಲ್ಲಿ ನಮ್ಮ ಕಚೇರೀದೂ ಇದೆಯಂತೆ."

ಅವಳು ಕೆಂಪು ಪುಸ್ತಕ ತೆಗೆದುಕೊಟ್ಟಳು. ಅವನು ಹಾಳೆ ತಿರುವಿ ಆ ಅಧ್ಯಾಯಕ್ಕೆ ಬಂದ. ಕೈ ಜೇಬಿನಲ್ಲಿದ್ದ ಮರದ ಪಟ್ಟಿಯ ಕಡೆ ಹೋಯಿತು. ಅವಳ ಮುಖ ನೋಡಿದ.

"ಇದು ಯಾರ ಕೆಲಸ?"

"ನಂದೇ," ಎಂದಳು ಬೈಂಡರಮ್ಮ, ಬಹುಮಾನ ತೋರಿಸುವವಳ ಹಾಗೆ. "ಮೂವತ್ತೊಂದು ವರ್ಷಕ್ಕೆ ಒಂದು. ಓದ್ತಾ ಓದ್ತಾ ಆಗಿದ್ದು."

ಗುಮಾಸ್ತ ಪಟ್ಟಿಯನ್ನು ಜೇಬಿನಲ್ಲೇ ಬಿಟ್ಟ. ಸ್ಟೂಲು ಎಳೆದುಕೊಂಡು ಕೂತು, ಪುಸ್ತಕವನ್ನು ತಿರುಗಿಸಿ ಹಿಡಿದು, ಓದತೊಡಗಿದ.