ಹೊಲಿಗೆ ಡಬ್ಬಿಯಲ್ಲಿ ಮೌಸ್

ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ತಕ್ಕಡಿಯ ತಟ್ಟೆಯಡಿ ಅಂಟಿಸಿದ ಆಯಸ್ಕಾಂತ, ತೂಕದ ಬಟ್ಟಿನ ಹೊಟ್ಟೆಯಲ್ಲಿ ಕೊರೆದ ತೂತು, ಮಾತಾಡುತ್ತಾ ಮಾತಾಡುತ್ತಾ ತಟ್ಟೆಯ ಅಂಚಿಗೆ ಬಂದು ಕೂರುವ ಹೆಬ್ಬೆರಳು, ಎಲ್ಲವನ್ನೂ ಅಂಗಡಿ ಬಾಗಿಲಲ್ಲಿ ನಿಂತೇ ಹಿಡಿಯುತ್ತಿದ್ದೆ. ಅಂಥವನ ಮನೆಯಲ್ಲೇ ಕಳ್ಳತನವಾದರೆ ಸುಮ್ಮನಿರುವುದು ಹೇಗೆ?

ಕಳುವಾಗುತ್ತಿದ್ದದ್ದು ಪರ್ಸೆಂಟು.

ಮೊದಲಿನಿಂದ ಹೇಳುತ್ತೇನೆ. ನನ್ನ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ನಲವತ್ತು ವರ್ಷ ಅವರಿವರ ಬಟ್ಟೆ ಹೊಲಿದ ಕೈ ಅವಳದು. ಎರಡು ವರ್ಷದಿಂದ ನಡುಗುತ್ತದೆ. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಗುಣವಾಗುವ ಔಷಧ ಹೇಳಲಿಲ್ಲ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಮಗಳು ರಜೆಗೆ ಬಂದಾಗ ಮನೆಯ ಹಳೇ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿ ಹೋದಳು. ಅಂಥ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುವವರು ಒಂದು ದೊಡ್ಡ ಲೆಕ್ಕವನ್ನು ಸಾವಿರಾರು ತುಂಡು ಮಾಡಿ ಮನೆಮನೆಯ ಕಂಪ್ಯೂಟರುಗಳಿಗೆ ಹಂಚುತ್ತಾರಂತೆ. ಯಂತ್ರ ಸುಮ್ಮನೆ ಕೂತಿರುವಾಗ ತನ್ನ ಪಾಲಿನ ತುಂಡನ್ನು ಬಿಡಿಸಿ ವಾಪಸ್ ಕಳಿಸುತ್ತದೆ. ಸಂಬಳವಿಲ್ಲ, ಸೇವೆ. ನಮಗೆ ಬಂದ ತುಂಡಿಗೆ ಹದಿಮೂರು ದಿನದ ಗಡುವು, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ.

"ನಿನ್ನ ಕೈಗೆ ಔಷಧ ಹುಡುಕ್ತಿದೀನಿ ಅಕ್ಕಾ. ಈ ತುಂಡು ಮುಗಿಸಿಯೇ ಮುಗಿಸ್ತೀನಿ," ಎಂದು ಮಾತು ಕೊಟ್ಟೆ.

"ಆ ಡಬ್ಬದೊಳಗಾ?" ಎಂದಳು ಅಕ್ಕ. ಆದರೂ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಆವತ್ತಿನಿಂದ ಆ ತುಂಡು ನನ್ನ ಮಾನದ ಪ್ರಶ್ನೆಯಾಯಿತು.

ಒಂದು ರಿಜಿಸ್ಟರ್ ತೆರೆದೆ. ಅರ್ಧ ಗಂಟೆಗೊಮ್ಮೆ ಕಂಪ್ಯೂಟರಿನ ಮುಂದೆ ಹೋಗಿ, ಮೌಸ್ ಅಲ್ಲಾಡಿಸಿ, ಪರದೆ ಬೆಳಗಿದ ಮೇಲೆ ಪರ್ಸೆಂಟು ನೋಡಿ ಬರೆದುಕೊಳ್ಳುತ್ತಿದ್ದೆ. ಎಂಟು ದಿನದ ದಾಖಲೆ ನೋಡಿದರೆ ವಿಚಿತ್ರ. ಎಲ್ಲರೂ ಮಲಗಿದ್ದಾಗ ಆರೇಳು ಪರ್ಸೆಂಟು ಏರುತ್ತದೆ. ಹಗಲೆಲ್ಲಾ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಐವತ್ತೂವರೆ ಎಂದು ಬರೆದು ಬಂದರೆ, ಅರ್ಧ ಗಂಟೆ ಬಿಟ್ಟು ನೋಡಿದಾಗಲೂ ಐವತ್ತೂವರೆ. ಯಂತ್ರ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗುತ್ತಿತ್ತು.

ನನ್ನ ಇನ್ಸ್‌ಪೆಕ್ಟರ್ ಬುದ್ಧಿ ಎಚ್ಚರವಾಯಿತು. ರಾತ್ರಿ ಇಲ್ಲದ ಕಳ್ಳತನ ಹಗಲು ಇದೆ ಎಂದರೆ, ಕಳ್ಳರು ಹಗಲು ಓಡಾಡುವವರು. ಮನೆಯಲ್ಲಿ ನನ್ನನ್ನು ಬಿಟ್ಟರೆ ಇಬ್ಬರೇ.

ಮೊದಲ ಅನುಮಾನ ಹೆಂಡತಿಯ ಮೇಲೆ. "ಇಸ್ತ್ರಿ ಪೆಟ್ಟಿಗೆಗೂ ಅದೇ ಸ್ವಿಚ್ ಬೋರ್ಡು, ಕಂಪ್ಯೂಟರಿಗೂ ಅದೇ. ಕರೆಂಟು ಹಂಚಿಹೋಗಿ ಲೆಕ್ಕ ಸೊರಗ್ತಿದೆ," ಎಂದೆ.

"ನಾನು ಇಸ್ತ್ರಿ ಮಾಡೋದು ನಿಮ್ಮ ಅಂಗೀನೇ ರೀ. ನಾಳೆಯಿಂದ ಸುಕ್ಕು ಅಂಗಿ ಹಾಕ್ಕೊಂಡೇ ಕಳ್ಳನ್ನ ಹಿಡೀರಿ."

ಎರಡು ದಿನ ಸುಕ್ಕು ಅಂಗಿ ಹಾಕಿಕೊಂಡೆ. ಹಗಲಿನ ಪರ್ಸೆಂಟು ಏರಲಿಲ್ಲ.

ಉಳಿದವಳು ಅಕ್ಕ. ಕಂಪ್ಯೂಟರಿನ ಮೇಜು ಕಿಟಕಿಯ ಪಕ್ಕದಲ್ಲಿದೆ, ಅವಳ ಕುರ್ಚಿಯೂ ಅಲ್ಲೇ. ಬೆಳಕು ಚೆನ್ನಾಗಿದೆ ಎಂದು ಹೊಲಿಗೆ ಡಬ್ಬಿ ಇಟ್ಟುಕೊಂಡು ಕೂರುತ್ತಾಳೆ, ಮೊಣಕೈಯನ್ನು ಮೇಜಿಗೆ ಊರುತ್ತಾಳೆ. ಕೈ ನಡುಗಿದರೆ ಮೇಜು ಸಣ್ಣಗೆ ಅಲುಗುತ್ತದೆ. ಅಲುಗುವ ಮೇಜಿನ ಮೇಲೆ ತಕ್ಕಡಿ ಇಟ್ಟರೆ ಮುಳ್ಳು ನಿಲ್ಲುವುದಿಲ್ಲ. ಇದು ನಮ್ಮ ಇಲಾಖೆಯ ಮೊದಲ ಪಾಠ. ಬುಧವಾರ ಬೆಳಿಗ್ಗೆ ಅವಳಿಗೆ ಹೇಳಿಯೇ ಬಿಟ್ಟೆ.

"ಅಕ್ಕಾ, ನಿನ್ನ ಕೈಯಿಂದ ಮೇಜು ಅಲುಗುತ್ತೆ, ಲೆಕ್ಕ ಕದಡುತ್ತೆ. ಶನಿವಾರದವರೆಗೆ ಊಟದ ಕೋಣೇಲಿ ಕೂತ್ಕೋ."

ಅಕ್ಕ ತನ್ನ ಬಲಗೈ ನೋಡಿಕೊಂಡಳು. ಎಡಗೈಯಿಂದ ಅದನ್ನು ಒತ್ತಿ ಹಿಡಿದಳು. "ಇದು ಇನ್ನೂ ಏನೇನು ಕೆಡಿಸುತ್ತೋ," ಎಂದು ಡಬ್ಬಿ ಎತ್ತಿಕೊಂಡು ಹೋದಳು. ಅವಳ ಕುರ್ಚಿಯನ್ನು ಹಿಂದೆಯೇ ಸಾಗಿಸಿದೆ. ಊಟದ ಕೋಣೆಗೆ ಕಿಟಕಿಯಿಲ್ಲ. ಅರ್ಧ ಹೊಲಿದ ದಿಂಬಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ವಾಪಸ್ ಕರೆಯಲು ಬಾಯಿ ತೆರೆದೆ. ಆದರೆ ಅರ್ಧ ಗಂಟೆಯಾಗಿತ್ತು, ಹೋಗಿ ಮೌಸ್ ಅಲ್ಲಾಡಿಸಿದೆ.

ಸಂಜೆಗೂ ಬೆಳಗಿನ ಅರವತ್ತಮೂರೂವರೆಯೇ. ಹೆಂಡತಿಯ ತಾಳ್ಮೆ ಕೆಟ್ಟಿತು. ಮಗಳಿಗೆ ಫೋನ್ ಮಾಡಿ, "ನಿಮ್ಮಪ್ಪ ಸ್ವಂತ ಅಕ್ಕನ್ನೇ ಎಬ್ಬಿಸಿ ಕಳಿಸಿದಾರೆ, ನೀನೇ ಕೇಳು," ಎಂದು ಸ್ಪೀಕರ್ ಹಾಕಿ ನನ್ನ ಮುಂದಿಟ್ಟಳು. ನಾನು ರಿಜಿಸ್ಟರ್ ಓದಿ ಹೇಳಿದೆ.

"ಅಪ್ಪಾ, ನೀನು ದಿನಕ್ಕೆ ಎಷ್ಟು ಸಲ ನೋಡ್ತೀಯ?" ಎಂದಳು ಮಗಳು.

"ಅರ್ಧ ಗಂಟೆಗೊಂದ್ಸಲ. ಒಂದು ಸಲಾನೂ ತಪ್ಪಿಸಿಲ್ಲ."

ಆ ಕಡೆಯಿಂದ ನಗು ತಡೆಯುವ ಸದ್ದು.

"ಅಪ್ಪಾ, ಯಾರಾದ್ರೂ ಮೌಸ್ ಮುಟ್ಟಿದ ತಕ್ಷಣ ಅದು ಕೆಲಸ ನಿಲ್ಲಿಸುತ್ತೆ. ಹಳೇ ಯಂತ್ರ, ನೀವು ಬಳಸೋವಾಗ ನಿಧಾನ ಆಗ್ಬಾರ್ದು ಅಂತ ನಾನೇ ಹಾಗೆ ಇಟ್ಟಿದ್ದೆ. ಮಾಡಿದ ಕೆಲಸಾನ ಅದು ಗಂಟೆಗೊಂದ್ಸಲ ಮಾತ್ರ ಉಳಿಸ್ಕೊಳ್ಳುತ್ತೆ. ಅಷ್ಟರೊಳಗೆ ನೀನು ಮುಟ್ಟಿದ್ರೆ, ಹಿಂದೆ ಉಳಿಸಿದ ಜಾಗದಿಂದ ಮತ್ತೆ ಶುರು."

"ಅಂದ್ರೆ?"

"ಅಂದ್ರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಎಂದಳು ಹೆಂಡತಿ. "ದೊಣ್ಣೆ ನೀವು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನ ಕಥೆ ನನ್ನದಾಯಿತು. ಮೂವತ್ತೊಂದು ವರ್ಷ ಊರವರ ಹೆಬ್ಬೆರಳು ಹಿಡಿದವನು, ಇಷ್ಟು ದಿನ ನನ್ನ ಹೆಬ್ಬೆರಳನ್ನೇ ತಟ್ಟೆಯ ಮೇಲಿಟ್ಟು ಕೂತಿದ್ದೆ.

ಮಗಳು ಹೇಳಿದ ಕಡೆ ಒಂದು ಟಿಕ್ ಹಾಕಿದೆ. ಇನ್ನು ಕೆಲಸ ನಡುವೆ ನಿಂತರೂ ಮಾಡಿದ್ದು ಮೆಮೊರಿಯಲ್ಲೇ ಉಳಿಯುತ್ತದಂತೆ. "ಆದ್ರೆ ಮುಟ್ಟಿದಾಗೆಲ್ಲ ನಿಲ್ಲೋದು ನಿಲ್ಲುತ್ತೆ ಅಪ್ಪಾ. ಆಫ್ ಮಾಡ್ಬೇಡ, ಮುಟ್ಟಬೇಡ. ಬಿಟ್ಟುಬಿಟ್ರೆ ಗಡುವಿನೊಳಗೆ ಮುಗಿಯುತ್ತೆ," ಎಂದಳು.

ಊಟದ ಕೋಣೆಗೆ ಹೋದೆ. "ತಪ್ಪಾಯ್ತು ಅಕ್ಕಾ. ಕೆಡಿಸಿದ್ದು ನಿನ್ನ ಕೈಯಲ್ಲ, ನನ್ನ ಕೈ," ಎಂದೆ. ಹೇಳುವಾಗ ನಿಜಕ್ಕೂ ನಾಚಿಕೆಯಾಯಿತು. ಅವಳ ಕುರ್ಚಿಯನ್ನು ನಾನೇ ಹೊತ್ತು ಕಿಟಕಿಯ ಪಕ್ಕ ತಂದಿಟ್ಟೆ.

ಅಕ್ಕ ಅಷ್ಟು ಸುಲಭಕ್ಕೆ ಬಿಡುವವಳಲ್ಲ. "ಅದನ್ನ ಕಿತ್ತು ಕೊಡು," ಎಂದು ಮೌಸ್ ಇಸಿದುಕೊಂಡು, ವೈರು ಸುತ್ತಿ, ದಾರದುಂಡೆಗಳ ನಡುವೆ ಇಟ್ಟು ಡಬ್ಬಿ ಮುಚ್ಚಿದಳು. ಹೆಂಡತಿ ಕೀಬೋರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಶನಿವಾರ ಹನ್ನೆರಡರವರೆಗೆ ಮನೆಯಲ್ಲಿ ನನ್ನ ಮೇಲೆ ಇಬ್ಬರು ಇನ್ಸ್‌ಪೆಕ್ಟರುಗಳು.

ಗುರುವಾರ ಹತ್ತು ಗಂಟೆಗೇ ನನ್ನ ಕೈ ತುರಿಸತೊಡಗಿತು. "ಒಂದೇ ಒಂದು ಸಲ ಅಕ್ಕಾ."

"ಕೈ ನಡುಗುತ್ತೆ ಕಣೋ, ಮುಚ್ಚಳ ತೆಗೆಯಕ್ಕಾಗಲ್ಲ."

ಅದೇ ಕೈ ಅದೇ ಮುಚ್ಚಳವನ್ನು ಆಗ ತಾನೇ ತೆಗೆದು ನೀಲಿ ದಾರ ಆರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

"ಸುಮ್ನೆ ನಿಂತಿದೀಯಲ್ಲ, ಈ ಸೂಜಿಗೆ ದಾರ ಹಾಕು," ಎಂದಳು.

ಹಾಕಿಕೊಟ್ಟೆ. ದಿಂಬಿನ ಚೀಲದಲ್ಲಿ ಹತ್ತು ದಿನದ ಹಿಂದೆ ಇದ್ದಷ್ಟೇ ಹೊಲಿಗೆ ಇತ್ತು, ಒಂದು ಗೇಣೂ ಮುಂದೆ ಹೋಗಿರಲಿಲ್ಲ. ಯಾಕೆ ಎಂದು ಕೇಳಿದೆ.

"ಸೂಜಿಗೆ ದಾರ ಪೋಣಿಸಕ್ಕೆ ನನ್ನಿಂದ ಆಗಲ್ಲ. ಯಾರನ್ನ ಕೇಳ್ಲಿ? ಅವಳಿಗೆ ಅಡುಗೆಮನೆ ಕೆಲಸ. ನೀನು ನನಗೆ ಔಷಧ ಹುಡುಕ್ತಿದ್ದೆ."

ನಾನು ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ಕೂತೆ. ಎರಡು ದಿನ ಅದೇ ಕೆಲಸ. ದಾರ ಗಿಡ್ಡವಾಯಿತೆಂದು ಬೈಗುಳ, ಉದ್ದವಾಯಿತೆಂದು ಬೈಗುಳ. ಹೊಲಿಗೆ ಸೊಟ್ಟಗಿತ್ತು, ಅಕ್ಕ ಒಂದಷ್ಟು ಬಿಚ್ಚಿ ಮತ್ತೆ ಹೊಲಿದಳು.

ಶನಿವಾರ ಹನ್ನೆರಡು ಹೊಡೆದ ಮೇಲೆ ಮೌಸ್ ಕೈಗೆ ಬಂತು. ಪರದೆ ಬೆಳಗಿತು. ತುಂಡು ಮುಗಿದು, ಹೋಗಿ ಸೇರಿತ್ತು: ಶುಕ್ರವಾರ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ. ಆ ಹೊತ್ತಿನಲ್ಲಿ ನಾನು ನೀಲಿ ಬದಲು ಕಪ್ಪು ದಾರ ಹಾಕಿ ಬೈಸಿಕೊಳ್ಳುತ್ತಿದ್ದೆ.

"ಮುಗೀತು ಅಕ್ಕಾ!" ಎಂದು ಕೂಗಿದೆ. ಕಣ್ಣಲ್ಲಿ ನೀರು ಬಂದಿತ್ತು.

"ಔಷಧ ಸಿಕ್ತಾ?"

"ಇಲ್ಲ. ಸಾವಿರಾರು ತುಂಡಲ್ಲಿ ಒಂದು ಮುಗೀತು."

"ನಂದೂ ಒಂದು ಮುಗೀತು," ಎಂದು ದಿಂಬಿನ ಚೀಲ ಎತ್ತಿ ತೋರಿಸಿದಳು.

ಮತ್ತೆ ಪರದೆ ನೋಡಿದೆ. ಹೊಸ ತುಂಡೊಂದು ತಾನಾಗಿ ಬಂದು ಇಪ್ಪತ್ತೊಂದು ಪರ್ಸೆಂಟು ಮುಟ್ಟಿತ್ತು. ನಾನು ಕೈಯಿಟ್ಟಿದ್ದರಿಂದ ಈಗ ನಿಂತಿತ್ತು. ಯಾರೂ ಹೇಳುವ ಮೊದಲೇ ಮೌಸ್ ಕಿತ್ತು, ವೈರು ಸುತ್ತಿ, ಅಕ್ಕನ ಕೈಗೆ ಕೊಟ್ಟೆ.

ಅವಳು ಅದನ್ನು ಡಬ್ಬಿಯೊಳಗಿಟ್ಟು, ಸೂಜಿ ತೆಗೆದು ನನ್ನ ಕಡೆ ಚಾಚಿದಳು.