ಯಾವ ಸಾಲು ಅದು?

ಮೂರನೆಯ ಸಲವೂ ಬೇಡದ್ದೇ ತೆರೆದುಕೊಂಡಿತು. ಅಕ್ಕ ಗುಂಡಿ ಒತ್ತಿ ಕಂಪ್ಯೂಟರನ್ನು ಮತ್ತೆ ಆರಿಸಿದರು.

ಮುದ್ರಣಾಲಯದಲ್ಲಿ ಪುಟ ಜೋಡಿಸಲು ಇದ್ದದ್ದು ಅದೊಂದೇ ಯಂತ್ರ. ಬೆಳಿಗ್ಗೆ ಅಕ್ಕ, ಮಧ್ಯಾಹ್ನ ಹೊಸದಾಗಿ ಸೇರಿದ ಹುಡುಗಿ. ಅಕ್ಕನ ಇಪ್ಪತ್ತೆರಡು ವರ್ಷದ ಕೆಲಸವೆಲ್ಲ ಹಳೆಯ ವಿಂಡೋಸ್‌ನಲ್ಲಿ. ಹುಡುಗಿಗೆ ಬೇಕಾದದ್ದು ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ. ಹೋದ ವಾರ ರಿಪೇರಿಯವನು ಡಿಸ್ಕನ್ನು ಪಾಲು ಮಾಡಿ ಎರಡನ್ನೂ ಕೂರಿಸಿದ್ದ. ಯಂತ್ರ ಚಾಲೂ ಆದಾಗ ಕಪ್ಪು ಪರದೆಯ ಮೇಲೆ ಕೆಲವು ಸಾಲುಗಳು ಬರುತ್ತಿದ್ದವು. ಹತ್ತು ಸೆಕೆಂಡಿನೊಳಗೆ ಒಂದನ್ನು ಆರಿಸಬೇಕು. ಇಲ್ಲದಿದ್ದರೆ ಲಿನಕ್ಸ್ ತಾನಾಗಿ ತೆರೆಯುತ್ತಿತ್ತು.

ಅಂದು ಹುಡುಗಿ ಬೇಗ ಬಂದಳು. ಅಕ್ಕ ಜೋಡಿಸಿದ್ದ ನರ್ಸುಗಳ ಕೈಪಿಡಿ ಮರುದಿನವೇ ಅಚ್ಚಿಗೆ ಹೋಗಬೇಕಿತ್ತು.

"ಏನಾಯ್ತಕ್ಕಾ?"

"ಹಾಳಾದ್ದು ಕೆಟ್ಟಿದೆ. ಎರಡು ಸಲ ಕೆಳಗೆ ಒತ್ತಿ ಅಂದಿದ್ದ ಆ ರಿಪೇರಿಯವ್ನು. ಒತ್ತಿದ್ರೆ ನಿಂದೇ ಬರತ್ತೆ."

"ನಿನ್ನೆ ಅಪ್‌ಡೇಟ್ ಹಾಕ್ದೆ, ಸಾಲು ಜಾಸ್ತಿ ಆಗಿದೆ. ಓದ್ಕೊಂಡು ಒತ್ತಿ."

ಅಕ್ಕ ಯಂತ್ರ ಚಾಲೂ ಮಾಡಿ, ಮೂಗು ಪರದೆಯ ಗಾಜಿಗೆ ತಾಗುವಷ್ಟು ಬಗ್ಗಿದರು. ಬೆರಳು ಬಾಣದ ಗುಂಡಿಯ ಮೇಲೆ ಸುಮ್ಮನೆ ಆಡಿತು.

"ಈಗ ನಿಂತಿರೋದು ಯಾವ ಸಾಲು ಅದು, ಹೇಳಿ?"

ಹತ್ತು ಸೆಕೆಂಡು ಮುಗಿದು ಮತ್ತೆ ಲಿನಕ್ಸೇ ತೆರೆಯಿತು.

"ಎಡಗಣ್ಣು ಹೋಗಿ ವರ್ಷ ಆಯ್ತು," ಎಂದರು ಅಕ್ಕ. "ಬಲದ್ದೂ ಈಗ ಮಂಜು ಮಂಜು. ಭೂತಗನ್ನಡಿ ಇಟ್ಕೊಂಡು ಹೇಗೋ ತಳ್ತಿದ್ದೆ. ಪ್ರೆಸ್ಸಿನ ಯಜಮಾನ್ರ ಕಿವಿಗೆ ಹಾಕ್ಬೇಡ ಕಣೇ."

ಕರಡು ತಿದ್ದುವವರೂ ಅಕ್ಕನೇ. ಅದು ನೆನಪಾದದ್ದೇ ಹುಡುಗಿ ಯಂತ್ರ ನಿಲ್ಲಿಸಿ ಮತ್ತೆ ಚಾಲೂ ಮಾಡಿದಳು. ತಾನೇ ಸರಿಯಾದ ಸಾಲು ಆರಿಸಿ ಕೈಪಿಡಿ ತೆರೆದಳು. ನಲವತ್ತೊಂದನೆಯ ಪುಟಕ್ಕೆ ಬಂದಾಗ ಗಟ್ಟಿಯಾಗಿ ಓದಿದಳು: "ಹಸುಗೂಸಿಗೆ ಔಷಧ ಐದು ಮಿಲಿಲೀಟರ್."

"ಐದಲ್ಲ, ಅರ್ಧ. ಬರೆದು ಕೊಟ್ಟಿದ್ದು ಸೊನ್ನೆ ಚುಕ್ಕಿ ಐದು."

"ಇಲ್ಲಿ ಸೊನ್ನೇನೂ ಇಲ್ಲ, ಚುಕ್ಕೀನೂ ಇಲ್ಲ ಅಕ್ಕಾ."

ಅಕ್ಕನ ಮುಖ ಸುಣ್ಣವಾಯಿತು. ಹುಡುಗಿ ದನಿ ತಗ್ಗಿಸಿದಳು. "ಇದೊಂದು ತಿದ್ಬಿಡೋಣ. ಯಾರಿಗೂ ಗೊತ್ತಾಗಲ್ಲ."

"ಇದೊಂದೇ ಅಂತ ನಿನಗೆ ಹೇಗೆ ಗೊತ್ತು?"

ಅಕ್ಕ ಎದ್ದರು. ಗೋಡೆ ತಡವುತ್ತ ಯಜಮಾನರ ಕೋಣೆಯವರೆಗೆ ಹೋಗಿ ಬಾಗಿಲಲ್ಲೇ ನಿಂತು, "ನಾಳೆ ಅಚ್ಚು ನಿಲ್ಸಿ. ನಂಗೆ ಕಣ್ಣು ಕಾಣಲ್ಲ. ಹೋದ ವರ್ಷ ನಾನು ಜೋಡಿಸಿದ್ದೂ ಎಲ್ಲ ನೋಡ್ಬೇಕು," ಎಂದರು.

ಯಜಮಾನರು ಮೊದಲು ರೇಗಿದರು. ಆಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತರು. ಈ ಒಂದು ವರ್ಷದಲ್ಲಿ ಅಕ್ಕ ಜೋಡಿಸಿದ್ದ ಎರಡು ಪುಸ್ತಕಗಳು ಆಗಲೇ ಊರೂರು ಸೇರಿದ್ದವು. ಕಣ್ಣಿನ ವೈದ್ಯರು ನರ ಒಣಗಿದೆ, ಹೋದದ್ದು ಬರುವುದಿಲ್ಲ ಎಂದರು. ಇನ್ನು ಯಂತ್ರದ ಮುಂದೆ ಕೂರಬೇಡಿ ಎಂದು ಯಜಮಾನರು ಅಕ್ಕನ ಮುಖ ನೋಡದೆ ಹೇಳಿದರು. ಆದರೆ ಅಕ್ಕನ ಬೆರಳು ಕೀಬೋರ್ಡಿನಲ್ಲಿ ಎಲ್ಲೆಲ್ಲಿ ತಪ್ಪುತ್ತದೆ ಎಂದು ಬಲ್ಲವರು ಬೇರೆ ಯಾರೂ ಇರಲಿಲ್ಲ. ತಪ್ಪು ಹುಡುಕಲು ಅವರೇ ಬೇಕಾಯಿತು.

ಒಂಬತ್ತು ದಿನ ಹುಡುಗಿ ಓದಿದಳು, ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೇಳಿದರು. ಕೈಪಿಡಿಯೊಂದರಲ್ಲೇ ಏಳು ತಪ್ಪು ಸಿಕ್ಕವು. ಹೊರಗೆ ಹೋದ ಪುಸ್ತಕಗಳ ಸರದಿ ಬಂದಾಗ ಹುಡುಗಿ ಒಂದು ಸಾಲು ಓದಿ ಮುಂದಕ್ಕೆ ಹೋದಳು. ಅಕ್ಕ ಕಣ್ಣು ಮುಚ್ಚಿಕೊಂಡೇ ಬೆರಳೆತ್ತಿದರು.

ಹುಡುಗಿ ನಿಂತಳು. "ಆ ಸಾಲು ತಪ್ಪು. ಇನ್ನೊಂದ್ಸಲ ಓದು," ಎಂದರು ಅಕ್ಕ.