ಅತ್ತೆಯ ಕಾರಿಗೆ ಟರ್ಬೊ

ಮೆಕ್ಯಾನಿಕ್‌ನ ಅತ್ತೆ ಮೂವತ್ತಾರು ವರ್ಷ ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಹೆಡ್ ನರ್ಸ್ ಆಗಿದ್ದವರು. ಅವರು ಒಮ್ಮೆ ಕಣ್ಣು ಕೆಕ್ಕರಿಸಿದರೆ ಹೆಸರುವಾಸಿ ಸರ್ಜನ್ನರೂ ಹಿಂದಿರುಗಿ ಹೋಗಿ ಇನ್ನೊಂದು ಸಲ ಕೈ ತೊಳೆದು ಬರುತ್ತಿದ್ದರಂತೆ. ನಿವೃತ್ತರಾದ ಮೇಲೆ ಒಂದು ಸಣ್ಣ ಕಾರು ಕೊಂಡು, ದಿನಾ ಬೆಳಿಗ್ಗೆ ಗುಡ್ಡದ ಮೇಲಿನ ಈಜುಕೊಳಕ್ಕೆ ಹೋಗಿ ಬರುತ್ತಿದ್ದರು. ಎಲ್ಲವೂ ಸರಿಯಾಗಿತ್ತು, ಬೇಕರಿಯ ಬ್ರೆಡ್ ವ್ಯಾನ್ ಒಂದನ್ನು ಬಿಟ್ಟು.

ಏರಿನಲ್ಲಿ ಕಾರು ಏದುಸಿರು ಬಿಡುವ ಹೊತ್ತಿಗೆ ಸರಿಯಾಗಿ ಆ ವ್ಯಾನ್ ಬಂದು ಅವರನ್ನು ಹಿಂದೆ ಹಾಕುತ್ತಿತ್ತು. ಹೋಗುವಾಗ ಅದರ ಡ್ರೈವರ್ ಎರಡು ಸಲ ಮೆಲ್ಲಗೆ ಹಾರ್ನ್ ಹೊಡೆದು, ಕಿಟಕಿಯಿಂದ ಕೈ ಬೀಸುತ್ತಿದ್ದ.

"ಬೈದಿದ್ರೆ ತಡ್ಕೋತಿದ್ದೆ, ಅಳಿಯಂದ್ರೆ. ಅವನು ಕನಿಕರ ಪಡ್ತಾನೆ" ಎಂದು ಅತ್ತೆ ಒಂದು ಸೋಮವಾರ ವರ್ಕ್‌ಶಾಪಿಗೆ ಬಂದು ಹೇಳಿದರು. ಅಪಘಾತದ ಕಾರೊಂದರಿಂದ ಬಿಚ್ಚಿಟ್ಟ, ಎಂಜಿನ್ನಿಗೆ ಬಲ ಕೂಡಿಸುವ ಟರ್ಬೊ ಮೂಲೆಯ ಶೆಲ್ಫಿನಲ್ಲಿ ಕೂತಿತ್ತು. ಅತ್ತೆಯ ಬೆರಳು ಸೀದಾ ಅದರ ಕಡೆ ಹೋಯಿತು.

ಗಿರಾಕಿಗಳ ಮುಂದೆ ಗುಡುಗುವ ಮೆಕ್ಯಾನಿಕ್ ಅತ್ತೆಯ ಮುಂದೆ ಮೆತ್ತಗಾಗುತ್ತಿದ್ದ. ಆದರೂ ತಿಳಿಯುವ ಹಾಗೆ ಹೇಳಿದ: ಈ ಎಂಜಿನ್ ತನ್ನಷ್ಟಕ್ಕೆ ತಾನು ಉಸಿರಾಡಲಿ ಎಂದು ಕಂಪನಿಯವರು ಮಾಡಿದ್ದು. ಟರ್ಬೊ ಹಾಕಿದರೆ ಗಾಳಿಯನ್ನು ಒಳಗೆ ತುರುಕಿದ ಹಾಗೆ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ ಬಿಸಿ ಏರುತ್ತದೆ, ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯುತ್ತದೆ, ಆ ಪೆಟ್ಟೆಲ್ಲ ಪಿಸ್ಟನ್ನಿನ ತಲೆಗೆ ಬೀಳುತ್ತದೆ. ಗ್ಯಾಸ್ಕೆಟ್ ಹೋಗಬಹುದು, ರಾಡ್ ಬಾಗಬಹುದು, ಪಿಸ್ಟನ್ನಿಗೆ ತೂತೇ ಬೀಳಬಹುದು.

"ಅಂದ್ರೆ ಬಿಪಿ ಜಾಸ್ತಿ ಆಗುತ್ತೆ."

"ಹೌದು ಅತ್ತೆ."

"ಬಿಪಿ ಇಟ್ಕೊಂಡೇ ತೊಂಬತ್ತು ವರ್ಷ ಬದುಕಿದವರನ್ನ ನೋಡಿದೀನಿ. ಗಾಡಿ ಯಾವಾಗ ಕೊಡ್ತೀರಿ?"

ಅಲ್ಲೇ ಆತ ಖಡಾಖಂಡಿತವಾಗಿ ಬೇಡ ಎನ್ನಬೇಕಿತ್ತು. ಬಾಯಿಂದ ಬಂದದ್ದು "ಎರಡು ವಾರ" ಎಂಬ ಮಾತು. ಮನೆಯಲ್ಲಿ ಹೆಂಡತಿ ಇದನ್ನು ಕೇಳಿ, ತನ್ನನ್ನು ಮದುವೆಯಾಗುವಾಗಲೂ ಅಮ್ಮ ಕೇಳಿದ್ದಕ್ಕೇ ಒಪ್ಪಿಕೊಂಡದ್ದೋ ಏನೋ ಎಂದು ಅನುಮಾನ ಪಟ್ಟಳು.

ಒಪ್ಪಿಕೊಂಡ ಮೇಲೆ ಕೆಲಸವನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ. ಪೆಟ್ರೋಲ್ ಹೆಚ್ಚು ಹೋಗುವ ಹಾಗೆ ಮಾಡಿ, ಗಾಳಿ ತಣ್ಣಗಾಗಲು ಕೂಲರ್ ಕೂರಿಸಿ, ಟರ್ಬೊದ ಒತ್ತಡವನ್ನು ಐದು ಪೌಂಡಿಗೆ ಕಟ್ಟಿಹಾಕಿದ. ಡ್ಯಾಶ್‌ಬೋರ್ಡಿನಲ್ಲಿ ಒಂದು ಮೀಟರ್ ಇಟ್ಟು, ಐದರ ಮೇಲೆ ಕೆಂಪು ಗೆರೆ ಎಳೆದ. ಎಂಜಿನ್ನಿನಿಂದ ಟಕಟಕ ಎಂಬ ಸದ್ದು ಬಂದರೆ ತಕ್ಷಣ ಕಾಲು ತೆಗೆದು ವರ್ಕ್‌ಶಾಪಿಗೆ ಬನ್ನಿ ಎಂದು ಮೂರು ಸಲ ಹೇಳಿದ. ಅತ್ತೆ ಮೂರು ಸಲವೂ ತಲೆ ಆಡಿಸಿದರು.

ಐದು ಪೌಂಡಿನಲ್ಲಿ ಕಾರು ವ್ಯಾನಿನ ಸಮಕ್ಕೆ ಬಂತು, ಮುಂದೆ ಹೋಗಲಿಲ್ಲ. ಡ್ರೈವರ್ ಈಗ ಕೈ ಬೀಸುವ ಬದಲು ಹೆಬ್ಬೆರಳೆತ್ತಿ ಶಹಬ್ಬಾಸ್ ಎಂದನಂತೆ. ಅತ್ತೆಗೆ ಅದು ಇನ್ನೂ ಉರಿಯಿತು. ಆ ವಾರವೇ ವರ್ಕ್‌ಶಾಪಿಗೆ ಬಂದು, ಬಾನೆಟ್ ಎತ್ತಿಸಿ, ಒತ್ತಡ ಹೆಚ್ಚು ಕಡಿಮೆ ಮಾಡುವುದು ಯಾವ ಸ್ಕ್ರೂ ಎಂದು ಸುಮ್ಮನೆ ತಿಳಿದುಕೊಳ್ಳುವವರಂತೆ ಕೇಳಿದರು. ತನ್ನ ಕೆಲಸದ ಬಗ್ಗೆ ಅತ್ತೆ ಆಸಕ್ತಿ ತೋರಿಸಿದ್ದು ಹತ್ತು ವರ್ಷದಲ್ಲಿ ಅದೇ ಮೊದಲು. ಅಳಿಯ ಉಬ್ಬಿಹೋಗಿ ಟಾರ್ಚ್ ಹಿಡಿದು ತೋರಿಸಿದ.

ಮರುದಿನದಿಂದ ಅತ್ತೆ ದಿನಕ್ಕೆ ಅರ್ಧ ಸುತ್ತು, ಡ್ರಿಪ್ ಏರಿಸುವ ಹಾಗೆ, ಸ್ಕ್ರೂ ತಿರುಗಿಸತೊಡಗಿದರು. ನಾಲ್ಕನೆಯ ದಿನ ವ್ಯಾನ್ ಹಿಂದೆ ಬಿತ್ತು. ಅತ್ತೆ ಎರಡು ಸಲ ಮೆಲ್ಲಗೆ ಹಾರ್ನ್ ಹೊಡೆದು ಕೈ ಬೀಸಿದರು. ಆ ಕಥೆ ಊಟದ ಮೇಜಿನ ಮೇಲೆ ಮೂರು ಸಲ ಬಂತು, ಪ್ರತಿ ಸಲವೂ ವ್ಯಾನ್ ಸ್ವಲ್ಪ ಹೆಚ್ಚು ಹಿಂದೆ ಉಳಿಯಿತು. ಐದು ಪೌಂಡಿಗೆ ಇಷ್ಟೆಲ್ಲ ಆಗದಲ್ಲ ಎಂದು ಮೆಕ್ಯಾನಿಕ್‌ಗೆ ಅನುಮಾನ ಬಂತು. ಆದರೆ ಅತ್ತೆಯ ಮುಖ ಅಷ್ಟೊಂದು ಅರಳಿದ್ದನ್ನು ಆತ ಕಂಡಿರಲಿಲ್ಲ. ತಟ್ಟೆ ನೋಡಿಕೊಂಡು ಊಟ ಮುಗಿಸಿದ.

ಒಂದು ವಾರ ಕಳೆದು, ಬೆಳಿಗ್ಗೆ ಕಾಫಿ ಕೊಡುತ್ತಾ ಹೆಂಡತಿ ನಗುತ್ತಿದ್ದಳು. ಅಮ್ಮ ಡಿಕ್ಕಿಯ ಸಾಮಾನನ್ನೆಲ್ಲ ತೆಗೆದು ತಮ್ಮ ಮನೆಯ ಹಜಾರದಲ್ಲಿ ಗುಡ್ಡೆ ಹಾಕಿದ್ದಾರಂತೆ. ಜ್ಯಾಕ್, ಕೊಡೆ, ಹಳೆಯ ಚಪ್ಪಲಿ, ಎಲ್ಲ. ಸ್ಟೆಪ್ನಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಬಿಗಿದಿದ್ದಾರಂತೆ.

"ಯಾಕಂತೆ?"

"ಏನೋ ಅಲ್ಲಾಡಿ ಸದ್ದು ಮಾಡುತ್ತಂತೆ. ಟಕಟಕ ಅಂತ."

ಮೆಕ್ಯಾನಿಕ್ ಕಾಫಿ ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದ. ಗುಡ್ಡದ ಕೊನೆಯ ತಿರುವಿಗೆ ಬರುವಾಗಲೇ ನೀಲಿ ಹೊಗೆ ಕಂಡಿತು. ಕಾರಿನ ಬಾನೆಟ್ ತೆರೆದಿತ್ತು, ಪಕ್ಕದಲ್ಲಿ ಬ್ರೆಡ್ ವ್ಯಾನ್ ನಿಂತಿತ್ತು, ಅದರ ಡ್ರೈವರ್ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಎಲ್ಲಿಗೆ ಹೊಡೆಯಲಿ ಎಂಬಂತೆ ಕಾಯುತ್ತಿದ್ದ. ಅತ್ತೆಗೆ ಒಂದು ಗೀರೂ ಆಗಿರಲಿಲ್ಲ. ಈಜುವ ಟೋಪಿ ಹಾಕಿಕೊಂಡೇ ರಸ್ತೆಯ ಅಂಚಿನಲ್ಲಿ ನೆಟ್ಟಗೆ ನಿಂತಿದ್ದರು.

"ಪೇಷಂಟ್ ಹೋಯ್ತು, ಅಳಿಯಂದ್ರೆ" ಎಂದರು. "ನನ್ನ ಕೈಯಲ್ಲೇ."

ಕಾರನ್ನು ಹಗ್ಗ ಕಟ್ಟಿ ವರ್ಕ್‌ಶಾಪಿಗೆ ಎಳೆದು ತಂದದ್ದು ಅದೇ ವ್ಯಾನ್. ದಾರಿಯುದ್ದಕ್ಕೂ ಅತ್ತೆ ಸ್ಟೀರಿಂಗ್ ಹಿಡಿದು, ವ್ಯಾನಿನ ಹಿಂಬಾಗಿಲಲ್ಲಿ ಬರೆದಿದ್ದ ಬನ್ನಿನ ಚಿತ್ರವನ್ನೇ ನೋಡುತ್ತಾ ಬರಬೇಕಾಯಿತು.

ಮರುದಿನ ಎಂಜಿನ್ ಬಿಚ್ಚುವ ಹೊತ್ತಿಗೆ ಅತ್ತೆ ಏಪ್ರನ್ ಕಟ್ಟಿಕೊಂಡು ಹಾಜರಾದರು. ಬಿಳಿ ಬಟ್ಟೆಯ ಮೇಲೆ ಸ್ಪ್ಯಾನರುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಅಳಿಯ ಕೇಳುವ ಮೊದಲೇ ಒಂದೊಂದಾಗಿ ಕೈಗೆ ಕೊಟ್ಟರು. ಎಂಜಿನ್ನಿನ ಹೆಡ್ ಎತ್ತಿದಾಗ ಮೂರನೆಯ ಪಿಸ್ಟನ್ ಕಂಡಿತು. ನಡುವೆ ಹೆಬ್ಬೆರಳು ತೂರುವಷ್ಟು ತೂತು, ಅಂಚೆಲ್ಲ ಮೇಣದ ಹಾಗೆ ಕರಗಿತ್ತು. ನಿನ್ನೆಯಿಂದ ಮೆಕ್ಯಾನಿಕ್ ಬಾಯಲ್ಲಿ ಹಿಡಿದಿಟ್ಟುಕೊಂಡಿದ್ದ ಮಾತುಗಳು ಅತ್ತೆಯ ಮುಖ ನೋಡಿ ಒಳಗೇ ಹೋದವು.

"ಸ್ಕ್ರೂ ತಿರುಗಿಸಿದ್ದು ನಾನು" ಎಂದರು ಅತ್ತೆ.

"ಗೊತ್ತು ಅತ್ತೆ. ನೀವು ವ್ಯಾನ್ ಹಿಂದೆ ಹಾಕಿದ ದಿನವೇ ಅನುಮಾನ ಬಂತು."

"ಮತ್ತೆ ಯಾಕೆ ಸುಮ್ನಿದ್ರಿ?"

ಆತ ಕೈಯ ಗ್ರೀಸ್ ಒರೆಸಿಕೊಂಡ. ಒರೆಸಿದಲ್ಲೇ ಇನ್ನೊಮ್ಮೆ ಒರೆಸಿದ. "ನಿಮ್ಮನ್ನ ಕಂಡ್ರೆ ಹೆದರಿಕೆ."

ಅತ್ತೆ ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯ ಮೇಲೆ ಇಟ್ಟರು. ಆಮೇಲೆ ಥಿಯೇಟರಿನ ಒಂದು ಸಂಗತಿ ಹೇಳಿದರು. ಒಮ್ಮೆ ಸರ್ಜನ್ ಹೊಟ್ಟೆ ಹೊಲಿಯಲು ಹೊರಟಾಗ ಒಂದು ಹತ್ತಿಯುಂಡೆ ಲೆಕ್ಕಕ್ಕೆ ಸಿಗಲಿಲ್ಲ. ಚಿಕ್ಕ ಡಾಕ್ಟರೊಬ್ಬನಿಗೆ ಅದು ಎಲ್ಲಿದೆ ಎಂದು ಗೊತ್ತಿದ್ದೂ, ದೊಡ್ಡವರ ಹೆದರಿಕೆಗೆ ಬಾಯಿ ಬಿಟ್ಟಿರಲಿಲ್ಲ. "ಅವತ್ತು ನಾನು ಬೈದಿದ್ದು ಸರ್ಜನ್ನಿಗಲ್ಲ" ಎಂದು ಮುಂದಿನ ಸ್ಪ್ಯಾನರ್ ಕೊಟ್ಟರು.

ಅಳಿಯ ಅದನ್ನು ಈಸಿಕೊಂಡ. ಮತ್ತೆ ಅರ್ಧ ಗಂಟೆ ಕೆಲಸ ಸಾಗಿತು. ಹೊಸ ಪಿಸ್ಟನ್ನುಗಳ ಡಬ್ಬಿ ತೆರೆಯುವಾಗ ಅತ್ತೆ ಕೆಮ್ಮಿದರು. ಇನ್ನೂ ಗಟ್ಟಿ ಪಿಸ್ಟನ್, ಗಟ್ಟಿ ರಾಡ್ ಸಿಗುತ್ತವಂತಲ್ಲ, ಅವನ್ನು ಹಾಕಿದರೆ ಆರು ಪೌಂಡಾದರೂ ತಡೆಯುವುದಿಲ್ಲವೇ ಎಂದು ಕೇಳಿದರು.

"ಇಲ್ಲ ಅತ್ತೆ. ಟರ್ಬೊ ಮತ್ತೆ ಹಾಕಲ್ಲ."

ಅತ್ತೆ ಕನ್ನಡಕ ತೆಗೆದು ಅಳಿಯನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಮತ್ತೆ ಹಾಕಿಕೊಂಡರು, ಏಪ್ರನ್ ಬಿಚ್ಚಿ ಮಡಚಿ ಮನೆಗೆ ಹೋದರು. ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಮಗಳ ಹತ್ತಿರ, ನಿನ್ನ ಗಂಡ ಪರವಾಗಿಲ್ಲ ಕಣೆ, ಎಂದರಂತೆ. ಅಷ್ಟು ಹೊಗಳಿಕೆ ಆಸ್ಪತ್ರೆಯಲ್ಲಿ ಇಬ್ಬರು ಸರ್ಜನ್ನರಿಗೆ ಮಾತ್ರ ಸಿಕ್ಕಿತ್ತು.

ಕಾರು ಈಗ ಕಂಪನಿಯವರು ಮಾಡಿದ ಹಾಗೆಯೇ ಇದೆ, ಏರಿನಲ್ಲಿ ಏದುಸಿರು ಬಿಡುತ್ತದೆ. ಅತ್ತೆ ಮನೆಯಿಂದ ಇಪ್ಪತ್ತು ನಿಮಿಷ ಮೊದಲೇ ಹೊರಡುತ್ತಾರೆ. ಬೇಕರಿಯವರು ಆ ಹೊತ್ತಿಗೆ ಇನ್ನೂ ವ್ಯಾನಿಗೆ ಬ್ರೆಡ್ ತುಂಬುತ್ತಿರುತ್ತಾರೆ.